ಬಡಾವಣೆಯ ಪಾರ್ಕಿನಲ್ಲಿ ಗಿಟಾರ್ ಹಬ್ಬ: ಶುರು ಮಾಡುವುದು ಹೇಗೆ?

ರಾಮನವಮಿಗೆ ರಸ್ತೆಯಲ್ಲೇ ಪೆಂಡಾಲ್ ಹಾಕಿ, ಪಾನಕ ಕೋಸಂಬರಿ ಕೊಟ್ಟು, ದೊಡ್ಡ ದೊಡ್ಡ ವಿದ್ವಾಂಸರ ಕಛೇರಿ ಕೇಳಿಸಿದ ಊರು ಬೆಂಗಳೂರು. ಗಿಟಾರಿಗೂ ಅಂಥದ್ದೊಂದು ಸಂಜೆ ಬೇಕು, ಅಲ್ವಾ? ಟಿಕೆಟ್ ಇಲ್ಲದೆ, ಮರದ ಕೆಳಗೆ, ಅಜ್ಜಿಯೂ ಮೊಮ್ಮಗನೂ ಒಂದೇ ಜಮಖಾನದ ಮೇಲೆ ಕೂತು ಕೇಳುವಂಥದ್ದು. ನಮ್ಮ ಬಡಾವಣೆಯಲ್ಲಿ ನಾವು ಕೆಲವರು ಸೇರಿ ಮಾಡಿದ್ದೇವೆ. ನೀವೂ ಮಾಡಬಹುದು.

ಮೊದಲು ತಿಂಗಳು, ಆಮೇಲೆ ಜಾಗ

ಜನವರಿ ಕೊನೆ ಅಥವಾ ಫೆಬ್ರವರಿ ಮೊದಲ ಭಾನುವಾರ ಇಟ್ಟುಕೊಳ್ಳಿ. ಮಳೆ ಕಡಿಮೆ, ಮಕ್ಕಳ ಪರೀಕ್ಷೆಯೂ ಶುರುವಾಗಿರುವುದಿಲ್ಲ. ಏಪ್ರಿಲ್, ಮೇ ಬೇಡ. ಸಂಜೆ ನಾಲ್ಕಕ್ಕೆ ಸರಿಯಾಗಿ ಮೋಡ ಕಟ್ಟಿಕೊಂಡು ಬರುತ್ತದೆ.

ಕಬ್ಬನ್ ಪಾರ್ಕ್, ಲಾಲ್‌ಬಾಗ್ ಆದರೆ ತೋಟಗಾರಿಕೆ ಇಲಾಖೆಯನ್ನು ಕೇಳಬೇಕು. ಬಡಾವಣೆಯ ಪಾರ್ಕ್ ಆದರೆ ಪಾಲಿಕೆಯನ್ನು. ಈಗ ಬೆಂಗಳೂರಿಗೆ ಐದು ಪಾಲಿಕೆಗಳಿವೆ, ನಿಮ್ಮದು ಯಾವುದು ಅಂತ ನೋಡಿಕೊಂಡು ಅರ್ಜಿ ಬರೆಯಿರಿ. ಮೈಕಿಗೆ ಪೊಲೀಸರ ಅನುಮತಿ ಬೇರೆ ಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬಲ್. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹಾಗಾಗಿ ಪಕ್ಕದಲ್ಲಿ ನರ್ಸಿಂಗ್ ಹೋಂ ಇರುವ ಪಾರ್ಕನ್ನು ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿದ್ದರೂ ಸರಿ.

ಕಲಾವಿದರು ಬೇರೆಯವರ ಹಾಡು ನುಡಿಸುವುದಾದರೆ ಹಕ್ಕಿನ ವಿಚಾರವೂ ಇದೆ. ಸಿನಿಮಾ ಹಾಡುಗಳಿದ್ದರೆ ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ಕಟ್ಟಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ಬೇಕಾ ಅಂತ ಮೊದಲೇ ವಿಚಾರಿಸಿ. ಪುರಂದರದಾಸರು, ತ್ಯಾಗರಾಜರಿಗೆ ಯಾರನ್ನೂ ಕೇಳಬೇಕಿಲ್ಲ.

ಮೆಲುದನಿ ಮೊದಲು

ಇಡೀ ಹಬ್ಬ ನಿಲ್ಲುವುದು ಈ ಒಂದು ವಿಷಯದ ಮೇಲೆ. ಎಲ್ಲ ಗಿಟಾರೂ ಒಂದೇ ಅಲ್ಲ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ದನಿ ತೀರಾ ಮೆತ್ತಗೆ. ಉಕ್ಕಿನ ತಂತಿಯ ಅಕೌಸ್ಟಿಕ್ ಅದಕ್ಕಿಂತ ಜೋರು. ತೊಡೆಯ ಮೇಲೆ ಮಲಗಿಸಿ, ಲೋಹದ ತುಂಡು ಜಾರಿಸಿ ನುಡಿಸುವ ಸ್ಲೈಡ್ ಗಿಟಾರ್ ನಮ್ಮ ರಾಗಗಳಿಗೆ ಹೇಳಿ ಮಾಡಿಸಿದ್ದು. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ನುಡಿಸಿ ತೋರಿಸಿದರು. ವಿಶ್ವಮೋಹನ ಭಟ್ಟರು ತಂತಿ ಜಾಸ್ತಿ ಮಾಡಿ ಮೋಹನವೀಣೆ ಕಟ್ಟಿದರು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದರು. ಜೋರಿನ ಲೆಕ್ಕದಲ್ಲಿ ಇವೆಲ್ಲ ಆದ ಮೇಲೆ ಜಾಝ್, ಬ್ಲೂಸ್, ಕೊನೆಗೆ ರಾಕ್.

ಕಾರ್ಯಕ್ರಮವೂ ಇದೇ ಸಾಲಿನಲ್ಲಿ ಹೋಗಬೇಕು. ನಮ್ಮ ಮೊದಲ ವರ್ಷ ಜನ ಸೇರಲಿ ಅಂತ ರಾಕ್ ತಂಡವನ್ನು ಮೊದಲು ಬಿಟ್ಟೆವು. ಜನ ಸೇರಿದರು ನಿಜ. ಆದರೆ ಅದಾದ ಮೇಲೆ ಕ್ಲಾಸಿಕಲ್ ನುಡಿಸಲು ಬಂದ ಹುಡುಗಿಯ ಗಿಟಾರ್ ಮೂರನೇ ಸಾಲಿಗೂ ಕೇಳಲಿಲ್ಲ. ಕಿವಿ ಒಮ್ಮೆ ಜೋರಿಗೆ ಒಗ್ಗಿದರೆ ಮೆಲ್ಲಗಿನದು ಹತ್ತುವುದಿಲ್ಲ. ಆ ಹುಡುಗಿ ಅರ್ಧಕ್ಕೇ ಎದ್ದಳು. ಅದು ಇವತ್ತಿಗೂ ನನಗೆ ನೋವು.

ಶ್ರುತಿಗೆ ಸಮಯ ಕೊಡಿ

ಬಯಲಿನಲ್ಲಿ ಗಿಟಾರಿನ ಶ್ರುತಿ ನಿಲ್ಲುವುದಿಲ್ಲ. ಬಿಸಿಲು ಬಿದ್ದರೆ ಉಕ್ಕಿನ ತಂತಿ ಹಿಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಆರು ಗಂಟೆಗೆ ತಂಗಾಳಿ ಬೀಸಿದರೆ ಏರುತ್ತದೆ. ಹೊಸ ನೈಲಾನ್ ತಂತಿಯಂತೂ ಕೂತುಕೊಳ್ಳಲು ದಿನಗಟ್ಟಲೆ ಬೇಕು, ಹಬ್ಬದ ಹಿಂದಿನ ದಿನ ತಂತಿ ಬದಲಿಸಬೇಡಿ ಅಂತ ಕಲಾವಿದರಿಗೆ ಹೇಳಿ. ವೇದಿಕೆಯ ಹಿಂದೆ ನೆರಳಿನಲ್ಲಿ ಒಂದು ಮೇಜು ಹಾಕಿ, ವಾದ್ಯಗಳು ಅಲ್ಲೇ ಇರಲಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೆ ಗೋಂದು ಸಡಿಲವಾಗಿ ಗಿಟಾರೇ ಹಾಳಾಗಬಹುದು. ಗಿಟಾರಿನ ತಲೆಗೆ ಕಚ್ಚಿಸಿ ಶ್ರುತಿ ನೋಡುವ ಕ್ಲಿಪ್ ಟ್ಯೂನರ್ ಒಂದೆರಡು ಇಟ್ಟಿರಿ. ಅದು ಮರದ ಕಂಪನವನ್ನು ಹಿಡಿಯುವುದರಿಂದ ಸುತ್ತ ಗದ್ದಲವಿದ್ದರೂ ಕೆಲಸ ಮಾಡುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ಹದಿನೈದು ನಿಮಿಷ ಬಿಡಿ. ಮೋಹನವೀಣೆ ಇದ್ದರೆ ಇನ್ನೂ ಜಾಸ್ತಿ.

ಮೈಕ್ ಸೆಟ್ಟು ಮತ್ತು ಅರ್ಥಿಂಗ್

ಮದುವೆ ಮನೆಗೆ ಬರುವ ಮೈಕ್ ಸೆಟ್ಟಿನವರೇ ಸಾಕು. ಆದರೆ ಕೂತು ಮಾತಾಡಿ. ಡಬ್ಬದಂಥ ದೊಡ್ಡ ಬಾಸ್ ಸ್ಪೀಕರ್ ಬೇಡ ಎನ್ನಿ. ನೈಲಾನ್ ಗಿಟಾರಿಗೆ ಮೈಕನ್ನು ಒಂದು ಗೇಣು ದೂರದಲ್ಲಿ, ಕುತ್ತಿಗೆ ಗಿಟಾರಿನ ಮೈಗೆ ಸೇರುವ ಕಡೆಗೆ ಮುಖ ಮಾಡಿ ಇಡಬೇಕು. ನೇರ ತೂತಿನ ಮುಂದೆ ಇಟ್ಟರೆ ಗುಂಯ್ ಅನ್ನುತ್ತದೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಆಂಪ್ಲಿಫೈಯರ್ ಮೂಲಕ ಅರ್ಥಿಂಗಿಗೆ ಸೇರಿರುತ್ತವೆ. ಅರ್ಥಿಂಗ್ ಸರಿಯಿಲ್ಲದಿದ್ದರೆ, ತಂತಿ ಹಿಡಿದವರ ತುಟಿ ಮೈಕಿಗೆ ತಾಗಿದ ಕೂಡಲೇ ಶಾಕ್ ಹೊಡೆಯಬಹುದು. ಇದರಿಂದ ಪ್ರಾಣ ಹೋದದ್ದೂ ಉಂಟು. ಜನರೇಟರ್ ಬಂದ ತಕ್ಷಣ ಎಲೆಕ್ಟ್ರಿಷಿಯನ್ ಕೈಯಲ್ಲಿ ಟೆಸ್ಟ್ ಮಾಡಿಸಿ. ಅವರು ಸರಿ ಅನ್ನುವವರೆಗೆ ಯಾರೂ ವೇದಿಕೆ ಹತ್ತುವುದು ಬೇಡ.

ಕೂರುವುದಕ್ಕೆ

ಮುಂದೆ ಜಮಖಾನ, ಹಿಂದೆ ವಯಸ್ಸಾದವರಿಗೆ ಕುರ್ಚಿ. ಕುಡಿಯುವ ನೀರಿನ ಕ್ಯಾನ್, ಸ್ಟೀಲ್ ಲೋಟ. ಇಷ್ಟು ಸಾಕು.

ಕೊನೆಯ ಅರ್ಧ ಗಂಟೆ ಊರಿನವರಿಗೆ ಬಿಡಿ. ಹೆಸರು ಕೊಟ್ಟ ಯಾರು ಬೇಕಾದರೂ ಐದು ನಿಮಿಷ ನುಡಿಸಲಿ. ನಮ್ಮಲ್ಲಿ ಕಳೆದ ಸಲ ಒಬ್ಬ ಹುಡುಗ, ಸಂಗೀತ ಪಾಠದ ಶುರುವಿನಲ್ಲಿ ಕಲಿಸುವ ಮಲಹರಿ ರಾಗದ ಪಿಳ್ಳಾರಿ ಗೀತೆಯನ್ನು ಗಿಟಾರಿನಲ್ಲಿ ನುಡಿಸಿದ. ಜಮಖಾನದ ಮೇಲಿದ್ದ ಅಜ್ಜಿಯೊಬ್ಬರು ಕೈಯಲ್ಲಿ ತಾಳ ಹಾಕುತ್ತಾ ಸಣ್ಣಗೆ ದನಿ ಸೇರಿಸಿದರು. ಹೀಗೆ ನುಡಿಸಲು ಬರುವವರಿಗಾಗಿ ವೇದಿಕೆಯ ಮೇಲೆ ಕೈ ಇಲ್ಲದ ಕುರ್ಚಿ ಒಂದಿರಲಿ. ಶಾಮಿಯಾನದವರು ತರುವ ಪ್ಲಾಸ್ಟಿಕ್ ಕುರ್ಚಿಗೆ ಕೈ ಇರುತ್ತದೆ, ಅದರಲ್ಲಿ ಗಿಟಾರ್ ಹಿಡಿದು ಕೂರಲು ಆಗುವುದಿಲ್ಲ. ಯಾರದಾದರೂ ಮನೆಯಿಂದ ಒಂದು ಮರದ ಸ್ಟೂಲ್ ತಂದುಬಿಡಿ.