ಟರ್ಮಿನಲ್‌ನಲ್ಲಿ ಕನ್ನಡ ಪಟ್ಟಿ ನೆಟ್ಟಗೆ ನಿಂತಿತು: ನನ್ನ ಅನುಭವ

"ಟರ್ಮಿನಲ್‌ನಲ್ಲಿ ಕನ್ನಡ ಕಾಲಮ್ ನೆಟ್ಟಗೆ ನಿಲ್ಲಲ್ಲ ಮಾರಾಯ, ಸುಮ್ನೆ ಹೆಸರನ್ನೆಲ್ಲ ಇಂಗ್ಲಿಷ್‌ನಲ್ಲೇ ಇಟ್ಕೋ" ಅಂತ ಜೊತೆಯವರು ಹೇಳುತ್ತಲೇ ಇದ್ದರು. (ಟರ್ಮಿನಲ್ ಅಂದರೆ ಕಮ್ಯಾಂಡ್ ಟೈಪ್ ಮಾಡುವ, ಬರೀ ಅಕ್ಷರಗಳ ಪರದೆ.) ಈಗ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಟೂಲ್ ಚಿಕ್ಕದು. ಕೇಳಿದ ಹಾಡುಗಳ ಲೆಕ್ಕ ಇಡುವ ಲಾಸ್ಟ್‌ಎಫ್‌ಎಂ ತಾಣದಿಂದ ನನ್ನ ಸ್ಕ್ರಾಬಲ್ (ಒಂದು ಸಲ ಕೇಳಿದ್ದರ ದಾಖಲೆ) ಎಳೆದು ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಇಡುತ್ತದೆ, ಯಾರನ್ನು ಎಷ್ಟು ಸಲ ಕೇಳಿದೆ ಅಂತ ಪಟ್ಟಿ ಕೊಡುತ್ತದೆ. ಒಟ್ಟು ಸ್ಕ್ರಾಬಲ್ 40 ಸಾವಿರದ ಆಸುಪಾಸು ಇರಬೇಕು.

ಕಾಲಮ್ ನೆಟ್ಟಗಿರಬೇಕಾದರೆ ಹೆಸರಿನ ಅಗಲ ಎಣಿಸಿ, ಉಳಿದಷ್ಟು ಖಾಲಿ ಜಾಗ ತುಂಬಿಸಬೇಕು. ಅಲ್ಲಿ ಮೊದಲು ಕೈಕೊಟ್ಟಿದ್ದು ಸಿ. ಅಶ್ವತ್ಥ್ ಅವರ ಸಾಲು. 'ಅಶ್ವತ್ಥ್' ಕಣ್ಣಿಗೆ 3 ಅಕ್ಷರ. ಉದ್ದ ಎಣಿಸುವ ಪೈಥಾನ್‌ನ ಲೆನ್ 8 ಅನ್ನುತ್ತದೆ, ಅರ್ಧಾಕ್ಷರದ ಚಿಹ್ನೆಗಳನ್ನೂ (್) ಎಣಿಸಿ. ಅವನ್ನು ಸೊನ್ನೆ ಅಂತ ಹಿಡಿದರೆ 5. ಪರದೆಯ ಮೇಲೆ ಎರಡೂ ಸರಿಹೋಗಲ್ಲ. ಒಂದೊಂದು ಟರ್ಮಿನಲ್ ಒಂದೊಂದು ಥರ ಬಿಡಿಸುತ್ತದೆ.

ಫಾಂಟ್ ಬದಲಿಸಿದರೆ ಆಗಬಹುದು ಅಂತ ಯಾರೋ ಹೇಳಿದರು. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಅಂತ ಮಾರುತ್ತಿದ್ದ ಫಾಂಟೊಂದಕ್ಕೆ ಎರಡೂವರೆ ಸಾವಿರ ಕೊಟ್ಟೆ. ಅದರೊಳಗೆ ಕನ್ನಡವೇ ಇರಲಿಲ್ಲ! ಕನ್ನಡ ಬಂದಾಗಲೆಲ್ಲ ಸಿಸ್ಟಮ್‌ನ ಹಳೇ ಫಾಂಟೇ ಕಾಣುತ್ತಿತ್ತು. ದುಡ್ಡು ವಾಪಸ್ ಕೇಳಿದೆ, ಉತ್ತರವೇ ಇಲ್ಲ.  

ಕೊನೆಗೆ ಅಗಲ ಅಳೆಯೋದನ್ನೇ ಬಿಟ್ಟೆ. ಅಂಕಿ ಮೊದಲು, ಪಟ್ಟೆ ಆಮೇಲೆ, ಹೆಸರು ಕೊನೆಗೆ:

412  ████████  ಎಸ್. ಜಾನಕಿ
287  █████▋    ಪಿ.ಬಿ. ಶ್ರೀನಿವಾಸ್
 96  █▉        ಸಿ. ಅಶ್ವತ್ಥ್

ಹೆಸರಿನ ಬಲಕ್ಕೆ ಏನೂ ಇಲ್ಲ ಅಂದಮೇಲೆ ಅದು ಎಷ್ಟು ಅಗಲ ಇದ್ದರೇನು, ಅಲ್ವಾ? ಪಟ್ಟೆಯ ತುದಿಗೆ ಎಂಟನೇ ಒಂದರ ಲೆಕ್ಕದ ಬ್ಲಾಕ್ ಹಾಕಿದ್ದೇನೆ, ಸಣ್ಣ ವ್ಯತ್ಯಾಸವೂ ಕಾಣುತ್ತದೆ.

ಗಾಯಕ, ಹಾಡು ಎರಡೂ ಬೇಕಾದಾಗ ಇದು ಸಾಲದು. ಅಲ್ಲಿ ಖಾಲಿ ಜಾಗ ತುಂಬಿಸಲ್ಲ. ಕರ್ಸರ್‌ಗೆ ನೇರವಾಗಿ "40ನೇ ಕಾಲಮ್‌ಗೆ ಹೋಗು" ಅಂತ ಎಸ್ಕೇಪ್ ಕೋಡ್ (ಟರ್ಮಿನಲ್‌ಗೆ ಕೊಡುವ, ಪರದೆಯಲ್ಲಿ ಕಾಣದ ಆದೇಶ) ಕೊಡುತ್ತೇನೆ, ಜಿ ಅಕ್ಷರದಲ್ಲಿ ಮುಗಿಯುತ್ತದಲ್ಲ, ಅದು. ಲೆಕ್ಕ ಟರ್ಮಿನಲ್‌ನ ತಲೆನೋವು. ಔಟ್‌ಪುಟ್ ಪೈಪ್‌ಗೆ, ಅಂದರೆ ಇನ್ನೊಂದು ಪ್ರೋಗ್ರಾಂಗೆ, ಹೋಗುತ್ತಿದ್ದರೆ ಮಾತ್ರ ಬರೀ ಟ್ಯಾಬ್. ಇಲ್ಲದಿದ್ದರೆ ಪುಟ ಪುಟವಾಗಿ ತೋರಿಸುವ ಲೆಸ್‌ನಲ್ಲಿ ಕಸ ಕಾಣುತ್ತದೆ. ಉದ್ದದ ಹೆಸರು ಕತ್ತರಿಸುವಾಗ ತುಂಡಿನ ಕೊನೆಯಲ್ಲಿ ಅರ್ಧಾಕ್ಷರ ಉಳಿದರೆ ಮುಂದಿನದನ್ನೂ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಒತ್ತು ಬಿದ್ದುಹೋಗುತ್ತದೆ.

ನಡುವೆ ಒಂದು ಹುಚ್ಚು. ಅಂಕಿಯನ್ನೂ ಕನ್ನಡದಲ್ಲೇ ತೋರಿಸೋಣ ಅಂತ ೧, ೨, ೩ ಹಾಕಿದೆ. ಪಠ್ಯವನ್ನು ಸಂಖ್ಯೆ ಮಾಡುವ ಪೈಥಾನ್‌ನ ಇಂಟ್ '೧೨' ಅನ್ನು ಆರಾಮಾಗಿ 12 ಅಂತ ಓದುತ್ತದೆ. ಆದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಕಮ್ಯಾಂಡ್‌ಗೆ ಅದು ಅಂಕಿಯೇ ಅಲ್ಲ. ಕೈಬಿಟ್ಟೆ.

ಇನ್ನೊಂದು, ಭೀಮಸೇನ ಜೋಶಿ ಪಟ್ಟಿಯಲ್ಲಿ ಎರಡು ಕಡೆ ಬರುತ್ತಿದ್ದರು. ನೋಡೋಕೆ ಒಂದೇ ಹೆಸರು. ಒಂದರಲ್ಲಿ 'ಜೋ' ಅಕ್ಷರದ ಸ್ವರಚಿಹ್ನೆ ಇಡಿಯಾಗಿತ್ತು, ಇನ್ನೊಂದರಲ್ಲಿ ಮೂರು ತುಂಡು. ಇಂಥ ತುಂಡುಗಳನ್ನು ಕೂಡಿಸುವ ಯೂನಿಕೋಡ್‌ನ ಎನ್‌ಎಫ್‌ಸಿ ಮಾಡಿದ ಮೇಲೆ ಒಂದಾದವು.

ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹೆಸರಂತೂ ನನ್ನ ಫೈಲುಗಳಲ್ಲಿ ಏಳೆಂಟು ಥರ ಇದೆ. ಅವನ್ನೆಲ್ಲ ತಾನಾಗೇ ಒಟ್ಟುಮಾಡುವ ಕೋಡ್ ಬರೆದಿದ್ದೇನೆ, ಚೆನ್ನಾಗೇ ಓಡುತ್ತಿದೆ. ಅದನ್ನು ಸದ್ಯಕ್ಕೆ ಕೊಡಲ್ಲ. ಸುಳಿವು ಬೇಕಿದ್ದರೆ, ಹೆಸರು ಬಿಟ್ಟು ಹಾಡಿನ ಉದ್ದ ನೋಡಿ.