ಕ್ಯಾನ್ಸರ್‌ನಲ್ಲಿ ಸೊರಗಿದವರ ಗಂಜಿ ಹೀಗಿರಲಿ

ನಮ್ಮ ಮಾಮಾಗೆ ಕ್ಯಾನ್ಸರ್ ಅಂತ ಗೊತ್ತಾದ ವಾರದಲ್ಲೇ ಧಾರವಾಡದ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಎಣ್ಣಿ, ತುಪ್ಪ ಬಂದ್ ಮಾಡ್ರಿ. ತೆಳ್ಳಗ ಗಂಜಿ ಕೊಡ್ರಿ." ಅತ್ತಿ ಹಾಗೇ ಮಾಡಿದರು. 60 ಕಿಲೋ ಇದ್ದ ಮಾಮಾ ಎರಡು ತಿಂಗಳಲ್ಲಿ 54ಕ್ಕೆ ಇಳಿದರು. ಆಮೇಲೆ ಇದೇ ತಪ್ಪನ್ನು ಇನ್ನೂ ನಾಲ್ಕಾರು ಮನೆಗಳಲ್ಲಿ ನೋಡಿದೆ.

ಮೊದಲು ತೂಕ. ವಾರಕ್ಕೊಮ್ಮೆ, ಬೆಳಿಗ್ಗೆ, ಅದೇ ಕಾಟಾ ಮೇಲೆ. ಆರು ತಿಂಗಳಲ್ಲಿ ನೂರಕ್ಕೆ 5ಕ್ಕಿಂತ ಜಾಸ್ತಿ ಇಳಿದರೆ, ಅಂದರೆ 60 ಕಿಲೋದವರು 57ಕ್ಕಿಂತ ಕೆಳಗೆ ಬಂದರೆ, ಡಾಕ್ಟರಿಗೆ ಹೇಳಲೇಬೇಕು. ಇದಕ್ಕೆ ಕ್ಯಾಕೆಕ್ಸಿಯಾ ಅನ್ನುತ್ತಾರೆ. ಬರೀ ಉಪವಾಸದ ಸೊರಗು ಇದಲ್ಲ. ಗಡ್ಡೆಯೂ, ಅದರ ಜೊತೆ ಹೋರಾಡುವ ಕಣಗಳೂ ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಹಸಿವನ್ನು ಸಾಯಿಸುತ್ತವೆ. ತೋಳು, ತೊಡೆಯ ಮಾಂಸವನ್ನೂ ಒಡೆಯುತ್ತವೆ. ಹಾಗಾಗಿ "ಉಣ್ಣಾಕ ಹಟ ಮಾಡ್ತಾರ" ಅಂತ ರೋಗಿಯನ್ನು ಬೈಯಬೇಡಿ.

ಆಮೇಲೆ ಲೆಕ್ಕ. ಒಂದು ಕಿಲೋ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲರಿ, 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 54 ಕಿಲೋದ ಮಾಮಾಗೆ ಕನಿಷ್ಠ 1,350 ಕ್ಯಾಲರಿ. ತೆಳ್ಳನೆಯ ರವಾ ಗಂಜಿ ಒಂದು ಬಟ್ಟಲಿಗೆ ನೂರು ಕ್ಯಾಲರಿಯೂ ಇರುವುದಿಲ್ಲ. ದಿನಕ್ಕೆ ಹದಿನಾಲ್ಕು ಬಟ್ಟಲು ಯಾರು ಕುಡಿಯುತ್ತಾರೆ? ಕಿಡ್ನಿ ತೊಂದರೆ ಇದ್ದವರ ಪ್ರೋಟೀನ್ ಲೆಕ್ಕವನ್ನು ಮಾತ್ರ ಡಾಕ್ಟರೇ ಹಾಕಬೇಕು.

ಈಗ ಗಂಜಿ. ಎಲ್ಲರೂ ಎಡವುವುದು ಇಲ್ಲೇ. ಬಟ್ಟಲು ಅಷ್ಟೇ ಇರಬೇಕು, ಒಳಗಿನದು ಜಾಸ್ತಿಯಾಗಬೇಕು. ಸಣ್ಣ ರವಾ ಎರಡು ದೊಡ್ಡ ಚಮಚ. ಒಂದು ಸಣ್ಣ ಚಮಚ ತುಪ್ಪ. ಎಮ್ಮೆ ಹಾಲು 200 ಮಿಲಿ. ಹಾಲಿನ ಪುಡಿ ಎರಡು ದೊಡ್ಡ ಚಮಚ. ಹುರಿದ ಶೇಂಗಾ ಪುಡಿ ಎರಡು ದೊಡ್ಡ ಚಮಚ. ತುಪ್ಪವನ್ನು ಕೊನೆಗೆ ಮೇಲೆ ಸುರಿಯಬೇಡಿ. ತೇಲುವ ತುಪ್ಪದ ವಾಸನೆಗೇ ಕೀಮೋ ರೋಗಿಗೆ ವಾಕರಿಕೆ ಬರುತ್ತದೆ. ಮೊದಲೇ ತುಪ್ಪದಲ್ಲಿ ರವಾ ಹುರಿದರೆ ಅದು ಕಾಳಿನೊಳಗೆ ಇಂಗುತ್ತದೆ. ಹಾಲಿನ ಪುಡಿಯನ್ನು ತಣ್ಣನೆಯ ಹಾಲಿನಲ್ಲೇ ಕಲಸಿಕೊಳ್ಳಿ. ಬಿಸಿಗೆ ಹಾಕಿದರೆ ಗಂಟು ಗ್ಯಾರಂಟಿ. ಆ ಗಂಟು ಬಾಯಿಗೆ ಸಿಕ್ಕಿತೋ, ರೋಗಿ ಆ ದಿನ ಮತ್ತೆ ಗಂಜಿ ಮುಟ್ಟುವುದಿಲ್ಲ. ಶೇಂಗಾ ಸಿಪ್ಪೆ ತೆಗೆದು, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಪುಡಿ ಬೆರೆಸಿ. ಬಾಯಿಹುಣ್ಣಿದ್ದರೆ ಜಾಲರಿಯಲ್ಲಿ ಸೋಸಿ. ಉಗುರುಬೆಚ್ಚಗೆ ಕೊಡಿ, ಸುಡುಸುಡು ಬೇಡ. ಇಷ್ಟರಲ್ಲಿ ಸುಮಾರು 450 ಕ್ಯಾಲರಿ, 15 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇರುತ್ತದೆ. ಮೂರು ಹೊತ್ತಿನ ಬದಲು ದಿನಕ್ಕೆ ಆರು ಸಲ, ಅರ್ಧರ್ಧ ಬಟ್ಟಲಿನಂತೆ ಕೊಡಿ. ಮಾಮಾ ಮೊದಲ ದಿನ ಗೊಣಗಿದರು, "ಇದ್ಯಾಕ ಇಷ್ಟ್ ಗಟ್ಟಿ ಮಾಡೀಯವ್ವಾ?" ಮೂರನೇ ದಿನ ಬಟ್ಟಲು ಖಾಲಿ.

ಒಂದು ಎಚ್ಚರಿಕೆ. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್‌ನವರಿಗೆ ಮಲ ಜಿಡ್ಡಾಗಿ ತೇಲುತ್ತಿದ್ದರೆ ಕೊಬ್ಬು ಅರಗುತ್ತಿಲ್ಲ ಅಂತ. ಅದಕ್ಕೆ ಬೇರೆ ಗುಳಿಗೆ ಬೇಕಾಗುತ್ತದೆ, ಡಾಕ್ಟರನ್ನು ಕೇಳಿ. ಇನ್ನು ಪ್ರೋಟೀನ್ ಡಬ್ಬಿ ಕೊಳ್ಳುವಾಗ ಹಿಂದಿನ ಪಟ್ಟಿ ನೋಡಿ. ಮೊದಲ ಹೆಸರೇ ಸಕ್ಕರೆ ಇದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಎಣ್ಣೆಯ ಜಾತಿ ಕೊನೆಗೆ ನೋಡುವುದು. ನಮ್ಮ ಕಡೆಯ ಕುಸುಬಿ ಎಣ್ಣೆಯಲ್ಲಿ ಒಮೆಗಾ-6 ಜಾಸ್ತಿ. ಅಗಸಿಯಲ್ಲಿ ಒಮೆಗಾ-3. ಉರಿಯೂತಕ್ಕೆ ತಡೆ ಹಾಕಬಹುದು ಅಂತ ತಜ್ಞರು ಹೆಚ್ಚಾಗಿ ಪರೀಕ್ಷಿಸಿದ್ದು ಮೀನಿನ ಒಮೆಗಾ-3, ಅಂದರೆ ಇಪಿಎ. ಅಗಸಿಯದನ್ನು ನಮ್ಮ ಮೈ ಇಪಿಎ ಆಗಿ ಬದಲಿಸುವುದು ತೀರಾ ಕಡಿಮೆ. ಅಗಸಿ ಹಿಂಡಿ (ಚಟ್ನಿಪುಡಿ) ರುಚಿಗೆ ಒಂದು ಚಮಚ ಇರಲಿ, ಖಾರ ಕಡಿಮೆ. ಜಾಸ್ತಿ ಕೊಟ್ಟರೆ ನಾರಿಗೇ ಹೊಟ್ಟೆ ತುಂಬುತ್ತದೆ. ಕರುಳು ಕಟ್ಟಿದ್ದರೆ ಬೇಡವೇ ಬೇಡ. ಮೀನು ತಿನ್ನುವ ಮನೆಯಾದರೆ ಹುಬ್ಬಳ್ಳಿಗೆ ಕರಾವಳಿಯಿಂದ ಬರುವ ಬಂಗಡೆ, ತಾರ್ಲೆಯೇ ಸಾಕು, ಪ್ರೋಟೀನೂ ಸಿಗುತ್ತದೆ. ಕರಿಯಬೇಡಿ, ಸಾರು ಮಾಡಿ.

ಮೀನೆಣ್ಣೆ ಗುಳಿಗೆ? ಮಾಮಾಗೆ ಯಾರೋ ದುಬಾರಿ ಡಬ್ಬಿ ತಂದುಕೊಟ್ಟರು. ಮುಂದೆ ದೊಡ್ಡದಾಗಿ 1,000 ಮಿಲಿಗ್ರಾಂ. ಹಿಂದೆ ಸಣ್ಣಕ್ಷರದಲ್ಲಿ ಇಪಿಎ 180. ಪರೀಕ್ಷೆಗಳಲ್ಲಿ ಕೊಟ್ಟದ್ದು ದಿನಕ್ಕೆ ಸುಮಾರು 2 ಗ್ರಾಂ ಇಪಿಎ. ಅಂದರೆ ಇಂಥ ಗುಳಿಗೆ ಹನ್ನೊಂದು! ಅಷ್ಟು ಕೊಟ್ಟರೂ ಕೆಲವು ಕಡೆ ತೂಕ ಇಳಿಯುವುದು ನಿಂತಿದೆ, ಕೆಲವು ಕಡೆ ಏನೂ ಆಗಿಲ್ಲ. ದಿನಕ್ಕೊಂದು ನುಂಗಿ ಸಮಾಧಾನಪಡುವುದಕ್ಕಿಂತ ಆ ದುಡ್ಡಿಗೆ ಮೊಟ್ಟೆ ತರುವುದೇ ಮೇಲು. ಕಾಡ್ ಲಿವರ್ ಆಯಿಲ್ ಬೇರೆಯದು. ಅದರಲ್ಲಿ ವಿಟಮಿನ್ ಎ ಇರುತ್ತದೆ, ಮುಷ್ಟಿಗಟ್ಟಲೆ ನುಂಗಿದರೆ ವಿಷ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಆಪರೇಷನ್ ಹತ್ತಿರ ಇರುವವರು ಡಾಕ್ಟರನ್ನು ಕೇಳದೆ ಮೀನೆಣ್ಣೆ ಮುಟ್ಟಬಾರದು.

ಉಂಡ ಮೇಲೆ ಗೇಟಿನವರೆಗಾದರೂ ನಡೆಸಿ. ದುಡಿಯದ ಮಾಂಸಖಂಡ ಉಳಿಯುವುದಿಲ್ಲ.

ಒಂದು ವಾರದಲ್ಲೇ ಎರಡು ಕಿಲೋ ಏರಿತು ಅಂತ ಅತ್ತಿ ಪೇಢೆ ಹಂಚಲು ಹೊರಟಿದ್ದರು. ಮಾಮಾನ ಕಾಲು ಊದಿತ್ತು. ಅದು ನೀರು. ತೂಕ ಹಾಗೆ ಸಡನ್ನಾಗಿ ಏರಿದರೆ ಪಾದದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಕುಳಿ ಬಿದ್ದು ಹಾಗೇ ಉಳಿದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ.