ಜಾಯಿಕಾಯಿಯ ತವರಿನಲ್ಲಿ ಒಂದು ಚಪ್ಪರ

ಜಾಯಿಕಾಯಿ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಶಿರಸಿ ಸೀಮೆಯಲ್ಲಿ ಅದನ್ನು ಚಿಪ್ಪಿನ ಸಮೇತ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತೇವೆ. ಒಳಗಿನ ಬೀಜ ಕಳಕಳ ಎಂದರೆ ಆಯಿತು. 2023ರ ಅಕ್ಟೋಬರಿನಲ್ಲಿ, ಇಂಡೋನೇಷ್ಯಾದ ಬಂಡಾ ದ್ವೀಪಗಳ ಪೈಕಿ ಆಯ್ ಎಂಬ ಪುಟ್ಟ ದ್ವೀಪದಲ್ಲಿ, ಅರವತ್ತು ದಾಟಿದ ಹೆಂಗಸೊಬ್ಬರು ನನ್ನ ಅಂಗೈಯಲ್ಲಿ ಒಂದು ಕಾಯಿ ಇಟ್ಟು ಮಾತಿಲ್ಲದೆ ತಮ್ಮ ಕಿವಿ ಮುಟ್ಟಿ ತೋರಿಸಿದರು. ಅಲುಗಿಸಿದೆ. ಸದ್ದಿಲ್ಲ. "ಬೆಲುಮ್" ಎಂದು ನಕ್ಕರು. ಇನ್ನೂ ಇಲ್ಲ ಎಂದು ಅರ್ಥ. ಮುಂದಿನ ಎರಡು ವರ್ಷ ನಾನು ಅತಿ ಹೆಚ್ಚು ಕೇಳಿದ ಪದ ಅದೇ.

ನಮ್ಮ ಅಡಿಕೆ ತೋಟದಲ್ಲಿ ನೂರಿಪ್ಪತ್ತು ಜಾಯಿಕಾಯಿ ಮರಗಳಿವೆ. ಊರಿನ ನಾಲ್ಕಾರು ಮನೆಗಳ ಕಾಯಿ, ಪತ್ರೆ ಕೊಂಡು ಮಾರುವ ಸಣ್ಣ ವ್ಯಾಪಾರವೂ ಇದೆ. ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಜಾಯಿಕಾಯಿಯ ಕಾಡು ನೆಂಟ ರಾಂಪತ್ರೆ ತಾನಾಗಿ ಬೆಳೆಯುತ್ತದೆ. ಪರಿಮಳದ ಜಾಯಿಕಾಯಿಯ ಮೂಲ ಮಾತ್ರ ಬಂಡಾ. ಅದು ಬೆಳೆದ ನೆಲವನ್ನೊಮ್ಮೆ ನೋಡಬೇಕು ಎಂಬುದು ಮನೆಯಲ್ಲಿ ನಾನು ಹೇಳಿದ ಕಾರಣ. ಸಾಧ್ಯವಾದರೆ ಅಲ್ಲೊಂದು ತುಂಡು ತೋಟ ಕೊಳ್ಳಬೇಕು ಎಂಬುದು ಹೇಳದೆ ಉಳಿಸಿಕೊಂಡಿದ್ದ ಕಾರಣ.

ಬೆಂಗಳೂರಿನಿಂದ ಕೌಲಾಲಂಪುರ, ಜಕಾರ್ತಾ, ಅಲ್ಲಿಂದ ಮಲುಕು ಪ್ರಾಂತ್ಯದ ಅಂಬೊನ್. ವಿಮಾನದ ಪಾಲು ಅಲ್ಲಿಗೆ ಮುಗಿಯಿತು. ತುಲೆಹು ಬಂದರಿನಿಂದ ವೇಗದ ದೋಣಿ ಹಿಡಿದರೆ ಆ ದ್ವೀಪಗಳಲ್ಲಿ ಮುಖ್ಯವಾದ ಬಂಡಾ ನೈರಾಕ್ಕೆ ಐದಾರು ತಾಸು. ಕಡಲು ಒರಟಾದರೆ ಆ ದೋಣಿ ಇಲ್ಲ. ಸರಕಾರಿ ಹಡಗು ಬರುವ ದಿನಕ್ಕೆ ಕಾಯಬೇಕು. ನೈರಾದಿಂದ ಆಯ್‌ಗೆ ಪಟಪಟ ಎನ್ನುವ ಮರದ ದೋಣಿಯಲ್ಲಿ ಇನ್ನೊಂದು ತಾಸು. ಅಕ್ಟೋಬರ್ ಆರಿಸಿಕೊಂಡದ್ದು ಕಡಲು ತಣ್ಣಗಿರುತ್ತದೆಂದು. ಜೂನ್, ಜುಲೈಯಲ್ಲಿ ಹೋಗಿದ್ದರೆ ವಾಪಸು ಬರುವ ದಿನ ಕಡಲಿನ ಮರ್ಜಿಗೆ ಬಿಟ್ಟದ್ದಾಗುತ್ತಿತ್ತು.

ಆಯ್‌ನಲ್ಲಿ ಹೊಳೆಯಿಲ್ಲ, ಊಟೆಯಿಲ್ಲ. ಮನೆಯ ಮಾಡಿನ ಮಳೆನೀರು ತೊಟ್ಟಿಗೆ ಇಳಿದರೆ ಅದೇ ಕುಡಿಯಲು, ಅದೇ ಸ್ನಾನಕ್ಕೆ. ಉಳಿದುಕೊಂಡ ಮನೆಯಲ್ಲಿ ಮೊದಲ ದಿನ ನಮ್ಮೂರಿನ ಅಭ್ಯಾಸದಂತೆ ಧಾರಾಳವಾಗಿ ನೀರು ಸುರಿದುಕೊಂಡೆ. ಮನೆಯ ಹುಡುಗಿ ಬಂದು ತೊಟ್ಟಿಯೊಳಗೆ ಇಣುಕಿ ಏನೂ ಹೇಳದೆ ಹೋದಳು. ಮರುದಿನದಿಂದ ಮೂರು ಚೊಂಬಿನಲ್ಲಿ ಸ್ನಾನ ಮುಗಿಸಿದೆ.

ಮೀನು ತಿನ್ನದವನಿಗೆ ಮೀನಿನ ದ್ವೀಪದಲ್ಲಿ ಏನು ಗತಿ ಎಂದುಕೊಂಡಿದ್ದೆ. ಕೆನಾರಿ ಎಂಬ ಬಾದಾಮಿಯಂಥ ಬೀಜವನ್ನು ಅರೆದು ಸುರಿದ ಬದನೆಕಾಯಿ ಮೇಲೋಗರ ನನ್ನನ್ನು ಕಾಪಾಡಿತು. ಆ ಕೆನಾರಿ ಮರಗಳೇ ತೋಟಕ್ಕೆ ನೆರಳು. ನೂರು ಅಡಿಗೂ ಮಿಕ್ಕಿ ಬೆಳೆದ, ಗೋಡೆಯಂಥ ಬೇರುಗಳ ಮರಗಳು. ಅವುಗಳ ಅಡಿಯಲ್ಲಿ ಜಾಯಿಕಾಯಿ. ಕೊಯ್ಯುವ ಸಾಧನಕ್ಕೆ ಗಾಯ್-ಗಾಯ್ ಎನ್ನುತ್ತಾರೆ. ನಮ್ಮ ದೋಟಿಯೇ, ತುದಿಯಲ್ಲಿ ಕತ್ತಿಯ ಬದಲು ಬಿದಿರಿನ ಪುಟ್ಟ ಬುಟ್ಟಿ. ಒಡೆದ ಕಾಯಿಯನ್ನಷ್ಟೇ ಕೊಕ್ಕೆಗೆ ಸಿಕ್ಕಿಸಿ ಎಳೆದರೆ ಅದು ಬುಟ್ಟಿಗೆ ಬೀಳುತ್ತದೆ, ನೆಲ ಮುಟ್ಟುವುದಿಲ್ಲ. ಮನೆಗೆ ಬಂದ ಮೇಲೆ ನಾನೂ ಒಂದು ಮಾಡಿಸಿದ್ದೇನೆ. ಜಾಯಿಕಾಯಿಗೆ ಅವರ ಹೆಸರು ಪಾಲಾ, ನಮ್ಮ 'ಫಲ'ವೇ ಅಲ್ಲಿಗೆ ಹೋಗಿ ಹಾಗಾದದ್ದು ಎನ್ನುತ್ತಾರೆ.

ನೈರಾಕ್ಕೆ ಹಿಂತಿರುಗಿದಾಗ ದಲ್ಲಾಳಿಯೊಬ್ಬ ಗಂಟುಬಿದ್ದ. ಎರಡು ಎಕರೆಯಷ್ಟು ತೋಟವಿದೆ, ಕಾಗದ ಪತ್ರವೆಲ್ಲ ತನ್ನ ಹೆಂಡತಿಯ ಹೆಸರಿನಲ್ಲಿ ಇರಲಿ, ಒಳಗಿಂದ ನಿಮ್ಮದೇ ಎಂದ. ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಇಂಡೋನೇಷ್ಯಾದ 1960ರ ಭೂ ಕಾನೂನಿನ ಪ್ರಕಾರ ಪೂರ್ಣ ಒಡೆತನ, ಅಂದರೆ 'ಹಕ್ ಮಿಲಿಕ್', ಅಲ್ಲಿನ ಪ್ರಜೆಗಳಿಗೆ ಮಾತ್ರ. ಇನ್ನೊಬ್ಬರ ಹೆಸರಿನಲ್ಲಿ ಕೊಂಡರೆ ಆ ಒಪ್ಪಂದವೇ ಅಸಿಂಧು. ನಾಳೆ ಅವರು ನೀವು ಯಾರು ಎಂದರೆ ಹೇಳಲು ಉತ್ತರವಿಲ್ಲ. ವಿದೇಶಿ ಬಂಡವಾಳದ ಕಂಪನಿ ತೆರೆಯುವುದು ಇನ್ನೊಂದು ದಾರಿ. ಅದಕ್ಕೆ ಭೂಮಿ, ಕಟ್ಟಡ ಬಿಟ್ಟು 1,000 ಕೋಟಿ ರುಪಿಯಾಕ್ಕೂ ಹೆಚ್ಚಿನ ಹೂಡಿಕೆ ತೋರಿಸಬೇಕಿತ್ತು. ನಮ್ಮ ಲೆಕ್ಕದಲ್ಲಿ ಐದು ಕೋಟಿಯ ಆಸುಪಾಸು. ನನ್ನ ಕಿಸೆಯಲ್ಲಿದ್ದದ್ದು ನಾಲ್ಕು ಲಕ್ಷ ರೂಪಾಯಿ.

ಇನ್ನೊಂದು ಸಂಗತಿಯೂ ಇತ್ತು. ನೆಲ ಕೇಳುತ್ತಾ ಹೊರಗಿನವನು ಬರುವುದು ಆ ದ್ವೀಪಗಳಿಗೆ ಹೊಸತಲ್ಲ. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್ಸ್‌ಜೋನ್ ಕೂನ್ ಇದೇ ಜಾಯಿಕಾಯಿಗಾಗಿ ದಂಡೆತ್ತಿ ಬಂದ. ಮೂಲ ನಿವಾಸಿಗಳಲ್ಲಿ ಬಹುಪಾಲು ಸತ್ತರು, ಉಳಿದವರು ಗುಲಾಮರಾದರು ಅಥವಾ ಕಾಯ್ ದ್ವೀಪಗಳ ಕಡೆಗೆ ಓಡಿದರು. ತೋಟಗಳನ್ನು 'ಪರ್ಕ್' ಎಂದು ತುಂಡು ಮಾಡಿ ಡಚ್ಚರಿಗೆ ಹಂಚಿದರು. ಪ್ರವಾಸಿಗರೆಲ್ಲ ಹೇಳುವ ಕಥೆ ಎಂದರೆ ಪಕ್ಕದ ರನ್ ದ್ವೀಪಕ್ಕೆ ಬದಲಾಗಿ 1667ರಲ್ಲಿ ಮ್ಯಾನ್‌ಹಟನ್ ಇಂಗ್ಲಿಷರ ಪಾಲಾಯಿತು ಎಂಬುದು. ಆಯ್‌ನಲ್ಲಿ ನನಗೆ ಆ ಕಥೆಯನ್ನು ಯಾರೂ ಹೇಳಲಿಲ್ಲ. ಕಾಡು ಹತ್ತಿದ ಡಚ್ ಕೋಟೆಯ ಕಲ್ಲುಗೋಡೆಯ ಪಕ್ಕದಲ್ಲಿ ಮಕ್ಕಳು ಚೆಂಡಾಡುತ್ತಿದ್ದರು.

ಕಿವಿ ತೋರಿಸಿದ್ದ ಆ ಹೆಂಗಸನ್ನು ಎಲ್ಲರೂ ಕರೆಯುವಂತೆ ನಾನೂ 'ಇಬು' ಎಂದೇ ಕರೆದೆ, ಅಮ್ಮ ಎಂದಂತೆ. ಅವರ ಅಡುಗೆಮನೆಯ ಹಿಂದೆ ಹೊಗೆಯ ಅಟ್ಟ ಇತ್ತು. ಬಿದಿರಿನ ತಟ್ಟಿಯ ಮೇಲೆ ಚಿಪ್ಪಿನ ಕಾಯಿ, ಕೆಳಗೆ ಸಣ್ಣ ಉರಿ, ವಾರಗಟ್ಟಲೆ. ನಮ್ಮ ಮನೆಯ ಹಳೇ ಅಟ್ಟದ ವಾಸನೆಯೇ. ಆದರೆ ಅಟ್ಟದಲ್ಲಿ ಹಿಡಿಯುವುದು ಸ್ವಲ್ಪ. ಮಿಕ್ಕದ್ದನ್ನು ದಾರಿಯ ಬದಿಯಲ್ಲಿ ಟಾರ್ಪಾಲಿನ ಮೇಲೆ ಹರಡುತ್ತಿದ್ದರು; ಮಳೆ ಹನಿದರೆ ಓಡಿ ಬಂದು ಸುತ್ತುತ್ತಿದ್ದರು. ಹೀಗೆ ಅರ್ಧ ಒಣಗಿದ ಕಾಯಿಗೆ ಬೂಷ್ಟು ಹತ್ತುತ್ತದೆ, ಬೂಷ್ಟಿನ ಜೊತೆ ಅಫ್ಲಟಾಕ್ಸಿನ್ ಎಂಬ ವಿಷ. ಇದೇ ಕಾರಣಕ್ಕೆ ಯುರೋಪು ಇಂಡೋನೇಷ್ಯಾದ ಜಾಯಿಕಾಯಿಯನ್ನು ಗಡಿಯಲ್ಲಿ ಹೆಚ್ಚಿನ ಪರೀಕ್ಷೆಗೆ ಒಡ್ಡುತ್ತದೆ. ಕೈಯಲ್ಲಿ ಕಾಸಿಲ್ಲದಾಗ ಎಳೆಗಾಯಿಯನ್ನೇ ಕೊಯ್ದು ನೈರಾದ ಅಂಗಡಿಗೆ ಸಾಲದ ಲೆಕ್ಕಕ್ಕೆ ಹಾಕುವುದು ಇನ್ನೊಂದು ರೋಗ. ಎಳೆಗಾಯಿ ಒಣಗಿದರೆ ಸುಕ್ಕುತ್ತದೆ, ಸುಕ್ಕಿದ್ದಕ್ಕೆ ದರ ಇಲ್ಲ.

ಇದು ನನಗೆ ಗೊತ್ತಿದ್ದ ಕಷ್ಟ. ನಮ್ಮಲ್ಲಿ ಜಾಯಿಕಾಯಿ ಉದುರುವುದೇ ಜಡಿಮಳೆಯಲ್ಲಿ. ಮಲೆನಾಡಿನವರು ಅಡಿಕೆ ಒಣಗಿಸಲೆಂದು ಹಾಕುವ ಪ್ಲಾಸ್ಟಿಕ್ ಹಾಳೆಯ ಚಪ್ಪರವನ್ನು ಮೊಬೈಲಿನಲ್ಲಿ ತೋರಿಸಿದೆ. ಇಬು ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ಗಾಳಿ ಎಲ್ಲಿಂದ ಹೋಗುತ್ತದೆ ಎಂದು ಕೇಳಿದರು. ಸರಿಯಾದ ಪ್ರಶ್ನೆ. ವ್ಯವಹಾರ ಅಲ್ಲಿಂದ ಶುರುವಾಯಿತು.

ಹನ್ನೊಂದು ಮನೆಗಳು ಸೇರಿದವು. ಒಪ್ಪಂದ ಮಾತ್ರ ಅಂಬೊನ್‌ನಲ್ಲಿ ರಫ್ತು ಪರವಾನಗಿ ಇದ್ದ ವ್ಯಾಪಾರಿಯ ಜೊತೆ: ನಾನು ಸರಕಿಗೆ ಮುಂಗಡ ಕೊಡುತ್ತೇನೆ, ಅವರು ಅದರಲ್ಲಿ ಒಂದು ಪಾಲನ್ನು ಆ ಮನೆಗಳಿಗೆ ಚಪ್ಪರಕ್ಕೆಂದು ಕೊಡುತ್ತಾರೆ, ಮೂರು ಕೊಯ್ಲಿನಲ್ಲಿ ಕಾಯಿಯ ರೂಪದಲ್ಲಿ ತೀರುತ್ತದೆ. ಚಪ್ಪರ ಊರಿನದು, ನನ್ನ ಹೆಸರು ಎಲ್ಲೂ ಇಲ್ಲ. ಹಣ ಹೋದದ್ದು ಶಿರಸಿಯ ಬ್ಯಾಂಕಿನ ಮೂಲಕ, ಆಮದು ಮುಂಗಡ ಎಂದು. ಸರಕು ಬಂದ ಮೇಲೆ ಕಸ್ಟಮ್ಸ್ ಕಾಗದವನ್ನು ಬ್ಯಾಂಕಿಗೆ ಒಪ್ಪಿಸಬೇಕು. ಆಮದು-ರಫ್ತು ಸಂಕೇತ ಸಂಖ್ಯೆ, ಆಹಾರ ಪರವಾನಗಿ, ಸಸ್ಯ ಸಂಗರೋಧದ ಅನುಮತಿ ಇವನ್ನು ಹಣ ಕಳಿಸುವ ಮೊದಲೇ ಮಾಡಿಸಿದೆ. ಅಲ್ಲಿ ಇಳಿದಾಗ ಸಿಗುವ 5 ಲಕ್ಷ ರುಪಿಯಾದ ವೀಸಾದಲ್ಲಿ 30 ದಿನ ಇರಬಹುದು, ಸರಕು ನೋಡಿ ಮಾತುಕತೆ ಮಾಡಬಹುದು, ದುಡಿಯುವಂತಿಲ್ಲ. ಹಾಗಾಗಿ ಚಪ್ಪರ ಏಳುವಾಗ ನಾನು ಸುತ್ತಿಗೆ ಮುಟ್ಟಲಿಲ್ಲ. ಬಾಯಿಗೆ ಮಾತ್ರ ಬಿಡುವಿರಲಿಲ್ಲ.

ಕಬ್ಬಿಣದ ಪೈಪೇ ಆಗಬೇಕು ಎಂದು ಹಟ ಹಿಡಿದವನು ನಾನು. ಉಪ್ಪುಗಾಳಿಗೆ ಎಂಟೇ ತಿಂಗಳಲ್ಲಿ ಬೆಸುಗೆಯ ಜಾಗವೆಲ್ಲ ತುಕ್ಕು ಹಿಡಿದು ಉದುರಿತು. ಅವರು ತೆಂಗಿನ ಮರದ ಕಂಬ ಹಾಕಿಕೊಂಡರು, ಮೊದಲೇ ಹೇಳಿದ್ದೆವಲ್ಲ ಎಂದು ಒಮ್ಮೆಯೂ ಹೇಳದೆ. ಎರಡನೆಯ ತಪ್ಪೂ ನನ್ನದೇ. ತೇವ ತಾಗದಿರಲೆಂದು ಗೋಣಿಚೀಲದೊಳಗೆ ಪ್ಲಾಸ್ಟಿಕ್ ಹಾಕಿ ಕಟ್ಟಿರಿ ಎಂದಿದ್ದೆ, ಕಾಯಿ ತಣಿಯುವವರೆಗೆ ಕಾಯಿರಿ ಎಂದು ಹೇಳಲು ಮರೆತೆ. ಚಪ್ಪರದ ಬಿಸಿಯಲ್ಲೇ ತುಂಬಿದ ಚೀಲಗಳು ಒಳಗೊಳಗೇ ಬೆವರಿದವು. ಮೇಲೆ ಒಂಬತ್ತು ದಿನ ದೋಣಿ ಬಿಡಲಿಲ್ಲ. ಆರುನೂರು ಕಿಲೋದಲ್ಲಿ ಎಂಬತ್ತೈದು ಕಿಲೋ ಅಂಬೊನ್‌ನಲ್ಲೇ ಬೂಷ್ಟೆಂದು ಬೇರೆಯಾಯಿತು. ಅದರ ನಷ್ಟ ಮನೆಗಳ ಲೆಕ್ಕಕ್ಕೆ ಬೀಳಬಾರದು ಎಂದು ವ್ಯಾಪಾರಿಗೆ ಬರೆದೆ. ನನ್ನ ಹೆಂಡತಿ ಲೆಕ್ಕದ ಪುಸ್ತಕ ನೋಡಿ, "ಇದಕ್ಕಿಂತ ನಮ್ಮ ಬ್ಯಾಣದಲ್ಲೇ ನಾಲ್ಕು ಗಿಡ ಕಸಿ ಕಟ್ಟಬಹುದಿತ್ತು" ಎಂದಳು.

ಎರಡನೆಯ ಸರಕಿನಲ್ಲಿ ಪ್ಲಾಸ್ಟಿಕ್ ಇಲ್ಲ, ಚಿಪ್ಪು ಒಡೆಯುವುದೂ ಇಲ್ಲ. ಚಿಪ್ಪಿನೊಳಗೆ ಇದ್ದಷ್ಟು ದಿನ ಬೀಜಕ್ಕೆ ಹುಳದ ಕಾಟ ಕಡಿಮೆ. ತೂಕದ ಸಾಗಣೆ ಖರ್ಚು ಹೆಚ್ಚು ಬಿದ್ದರೂ ಏಳು ಕಿಲೋ ಮಾತ್ರ ಹಾಳಾಯಿತು. ಇಲ್ಲಿಯವರೆಗೆ ಹಾಕಿದ ಹಣದಲ್ಲಿ ಮುಕ್ಕಾಲು ಪಾಲು ಸರಕಾಗಿ ಮರಳಿದೆ. ಲಾಭ ಎನ್ನುವಂಥದ್ದು ಕಂಡಿಲ್ಲ. ಓಡಾಟದ ಖರ್ಚು ಸೇರಿಸಿದರೆ ನಷ್ಟವೇ. ಅದನ್ನು ಸೇರಿಸದಿರುವುದು ನನ್ನ ಲೆಕ್ಕದ ಪದ್ಧತಿ.

ಮೂರನೆಯ ಕೊಯ್ಲು ಈಗ ಚಪ್ಪರದಲ್ಲಿದೆ. ಸಿಗ್ನಲ್ ಸಿಕ್ಕಾಗ ಇಬು ಅವರ ಮೊಮ್ಮಗಳು ಧ್ವನಿ ಸಂದೇಶ ಕಳಿಸುತ್ತಾಳೆ. ಮಾತು ಕಡಿಮೆ. ಮೊಬೈಲಿನ ಹತ್ತಿರ ಯಾರೋ ಕಾಯಿ ಅಲುಗಿಸುತ್ತಾರೆ, ನಾನು ಇಲ್ಲಿ ಜಗಲಿಯಲ್ಲಿ ಕುಳಿತು ಕಿವಿಗೆ ಒತ್ತಿ ಕೇಳುತ್ತೇನೆ. ಮೊನ್ನೆಯ ಸಂದೇಶದಲ್ಲಿ ಅಲೆಯ ಸದ್ದಿತ್ತು, ಕೋಳಿ ಕೂಗಿತು, ಕಾಯಿ ಮಾತ್ರ ಮಾತಾಡಲಿಲ್ಲ. ಹಿಂದಿನಿಂದ ಇಬು ಅವರ ದನಿ ಕೇಳಿಸಿತು: "ಬೆಲುಮ್."